ಟಕ್ಸ್ ಕೂರದ ನಾಲ್ಕು ತಿಂಗಳು

ನನ್ನ ಬಗ್ಗೆ ಒಂದು ಕಥೆ ಓಡಾಡುತ್ತಿದೆ. ಅದನ್ನು ಹೆಚ್ಚಾಗಿ ಹೇಳುವವರು ಮಲವಗೊಪ್ಪದ ನನ್ನ ಸೋದರಮಾವ. ಆಟೊ ಓಡಿಸುತ್ತಾರೆ, ಹಾಗಾಗಿ ಕೇಳುವವರಿಗೆ ಬರವಿಲ್ಲ.

"ಬಯಾಪ್ಸಿ ಬೇಡ, ಸೂಜಿ ಚುಚ್ಚಿದ್ರೆ ಗಂಟು ಮೈಯೆಲ್ಲ ಹರಡುತ್ತೆ ಅಂತ ನಾನೇ ಅಡ್ಡ ನಿಂತಿದ್ದೆ ಸಾರ್. ನಮ್ಮ ಲಾಯರಮ್ಮ ಬಿಡ್ಲಿಲ್ಲ. ಅರ್ಧ ಗಂಟೇಲಿ ನನ್ ಬಾಯಿ ಮುಚ್ಚಿಸಿದ್ಲು. ಅವಳಿಂದ ನಮ್ಮಕ್ಕ ಉಳಿದ್ಲು."

ನಾನಿನ್ನೂ ಲಾಯರ್ ಅಲ್ಲ, ಕಾನೂನು ಓದುತ್ತಿದ್ದೇನೆ. ಉಳಿದದ್ದರಲ್ಲಿ ಸುಳ್ಳಿಲ್ಲ. ಮಾವನ ಜೊತೆ ವಾದ ಮಾಡಿದ್ದು ನಿಜ, ಗೆದ್ದದ್ದೂ ನಿಜ. ಆದರೆ ಚರ್ಚಾಸ್ಪರ್ಧೆಗೆ ತಯಾರು ಮಾಡುವಾಗ ನಮಗೆ ಮೊದಲು ಕಲಿಸುವುದೇ ಇದು: ಎದುರಿನವರು ಕಥೆಯನ್ನು ಎಲ್ಲಿಂದ ಶುರು ಮಾಡಿದರು ನೋಡು. ಮಾವ ಶುರು ಮಾಡುವುದು ಶಿವರಾತ್ರಿಯಿಂದ. ಅದು ಶುರುವಾದದ್ದು ದೀಪಾವಳಿಗೆ.

ಅಮ್ಮ ಭದ್ರಾವತಿಯ ನ್ಯೂ ಟೌನ್‌ನಲ್ಲಿ ಬ್ಲೌಸ್ ಹೊಲಿಯುತ್ತಾಳೆ. ತನ್ನದಕ್ಕೆ ವರ್ಷಗಳಿಂದ ಒಂದೇ ಅಳತೆ ಬ್ಲೌಸ್. ಹಬ್ಬಕ್ಕೆ ಹೊಲಿದುಕೊಂಡದ್ದನ್ನು ಹಾಕಿಕೊಂಡು ಕನ್ನಡಿ ಮುಂದೆ ನಿಂತಳು. ತೆಗೆದಳು. ಎಡಗಡೆಯ ಟಕ್ಸ್ ಬಿಚ್ಚಿ ಮತ್ತೆ ಹೊಲಿದಳು. ಟಕ್ಸ್ ಎಂದರೆ ಬಟ್ಟೆ ಎದೆಯ ಮೇಲೆ ಸರಿಯಾಗಿ ಕೂರಲೆಂದು ಹಾಕುವ ಮಡಿಕೆ. ಮೂರನೆಯ ಸಲಕ್ಕೆ ನನ್ನನ್ನು ಕರೆದಳು.

"ಬಟ್ಟೆ ತಪ್ಪಲ್ಲ ಕಣೆ. ಇಲ್ಲಿ ಚರ್ಮಾನೇ ಒಳಗಿಂದ ಯಾರೋ ದಾರ ಜಗ್ಗಿದ ಹಾಗಿದೆ. ಡಾಕ್ಟ್ರಿಗೆ ತೋರಿಸ್ಲಾ?"

"ಗಂಟಿದೆಯಾ?"

"ಕೈಗೆ ಸಿಗ್ತಿಲ್ಲ."

"ನೋವು?"

"ಇಲ್ಲ."

"ಗಂಟಿಲ್ಲ, ನೋವಿಲ್ಲ. ಹೋಗಿ ಏನಂತೀಯ? ಡಾಕ್ಟ್ರೇ, ನನ್ ಬ್ಲೌಸ್ ಕೂರ್ತಿಲ್ಲ ಅಂತೀಯಾ?"

ಅಮ್ಮ ನಕ್ಕಳು. ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ಆ ವಾರ ಶಿವಮೊಗ್ಗದಲ್ಲಿ ಸ್ಪರ್ಧೆಯಿತ್ತು, ನಾಲಿಗೆ ಹರಿತವಾಗಿತ್ತು. ವಯಸ್ಸು ಐವತ್ತು ದಾಟಿದೆ, ಮುಟ್ಟು ನಿಂತಿದೆ, ಮೈ ಬದಲಾಗದೆ ಇರುತ್ತದೆಯೇ? ದಿನವಿಡೀ ಮೆಷಿನ್ ಮೇಲೆ ಬಾಗಿದರೆ ಒಂದು ಭುಜ ಇಳಿಯುವುದಿಲ್ಲವೇ? ಅವಳ ಒಂದೊಂದು ಅನುಮಾನಕ್ಕೂ ನನ್ನಲ್ಲಿ ಎರಡೆರಡು ಕಾರಣಗಳಿದ್ದವು. ಒಂದನ್ನೂ ನಾನು ಪರೀಕ್ಷಿಸಿರಲಿಲ್ಲ. "ನಿನ್ ಹತ್ರ ಪುರಾವೆ ಇಲ್ಲಮ್ಮ, ಭಯ ಇದೆ ಅಷ್ಟೆ," ಎಂದೆ.

"ನಿನ್ ಹತ್ರ ಮಾತಾಡಿ ಗೆದ್ದೋರು ಯಾರು ಮಾರಾಯ್ತಿ," ಎಂದು ಅಮ್ಮ ಎಡಗಡೆಯ ಟಕ್ಸನ್ನು ಅರ್ಧ ಇಂಚು ಸರಿಸಿ ಹೊಲಿದಳು.

ಬ್ಲೌಸ್ ಕೂತಿತು.

ಶಿವರಾತ್ರಿಯ ಹೊತ್ತಿಗೆ ಗಂಟು ಕೈಗೆ ಸಿಕ್ಕಿತು. ಆಮೇಲಿನದು ಮಾವ ಹೇಳುವ ಕಥೆಯೇ: ಸ್ಕ್ಯಾನ್, ಬಯಾಪ್ಸಿ, ಅದಕ್ಕೆ ಮಾವನ ತಕರಾರು, ನನ್ನ ಗೆಲುವು. ರಿಪೋರ್ಟ್ ಬಂತು. ಸ್ತನದ ಕ್ಯಾನ್ಸರ್. ಕಂಕುಳಿನ ನೋಡ್‌ಗೂ, ಅಂದರೆ ಅಲ್ಲಿನ ದುಗ್ಧಗ್ರಂಥಿಗೂ, ಹೋಗಿದೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಆಂಕಾಲಜಿಸ್ಟ್ ಫೈಲ್ ತೆರೆದು ಅಮ್ಮನನ್ನು ಕೇಳಿದರು. "ಮೊದ್ಲು ಯಾವಾಗ ಗೊತ್ತಾಯ್ತಮ್ಮ?"

ಅಮ್ಮ ನನ್ನ ಕಡೆ ನೋಡಲಿಲ್ಲ. "ಒಂದು ತಿಂಗಳಾಗಿರ್ಬೇಕು ಮೇಡಂ."

ಅವರು ಬರೆದುಕೊಂಡರು.

ಮಾತಿಗಾಗಿಯೇ ಕಪ್ ಗೆದ್ದ ನಾನು ಆ ಒಂದು ವಾಕ್ಯವನ್ನು ತಿದ್ದಲಿಲ್ಲ. ಬದಲಿಗೆ ಒಂದು ಪ್ರಶ್ನೆ ಕೇಳಿದೆ, ಬುದ್ಧಿವಂತೆಯ ಧಾಟಿಯಲ್ಲೇ. "ಗಡ್ಡೆ ಒಳಗಡೆ ಇದ್ರೆ ಮೇಲಿನ ಚರ್ಮ ಯಾಕೆ ಎಳೀಬೇಕು ಮೇಡಂ?"

ಡಾಕ್ಟರ್ ಚೀಟಿಯ ಹಿಂದೆ ಒಂದು ಸೊನ್ನೆ ಬರೆದು ಸುತ್ತಲೂ ಚುಕ್ಕಿ ಇಟ್ಟರು. "ಕ್ಯಾನ್ಸರ್ ಸೆಲ್ ಒಂಟಿಯಾಗಿ ಬೆಳೆಯಲ್ಲ. ಅಕ್ಕಪಕ್ಕದ ಸೆಲ್‌ಗಳ ಜೊತೆ ಮಾತಾಡುತ್ತೆ. ಮಾತು ಅಂದ್ರೆ ಪ್ರೋಟೀನ್‌ಗಳು, ಹೊರಗೆ ಬಿಡೋ ಸಂದೇಶಗಳು. ಇಲ್ಲಿ ಗಾಯ ಆಗಿದೆ ಬನ್ನಿ ಅನ್ನೋ ಹಾಗೆ. ಪಕ್ಕದಲ್ಲಿರೋ ಫೈಬ್ರೋಬ್ಲಾಸ್ಟ್‌ಗಳು ಗಾಯ ವಾಸಿ ಮಾಡೋ ಒಳ್ಳೆ ಸೆಲ್‌ಗಳೇ. ನಂಬಿ ಬಂದು ನಾರು ಕಟ್ತವೆ. ಆ ನಾರು ಬಿಗಿದು ಚರ್ಮಾನ ಒಳಗೆಳೆಯುತ್ತೆ. ಇನ್ನೊಂದು ಸಂದೇಶ ಹೋದ್ರೆ ಹೊಸ ರಕ್ತನಾಳ ಬಂದು ಗಡ್ಡೆಗೆ ಊಟ ಕೊಡುತ್ತೆ. ಮತ್ತೊಂದಕ್ಕೆ ಕಾವಲಿರೋ ಬಿಳಿ ರಕ್ತಕಣಗಳು ಸುಮ್ಮನಾಗ್ತವೆ."

"ಹಾಗಾದ್ರೆ ಗಂಟು ಕೈಗೆ ಸಿಗೋ ಮೊದ್ಲೇ ಚರ್ಮ ಎಳೀಬಹುದಾ?"

"ಕೆಲವರಿಗೆ ಅದೇ ಮೊದಲ ಲಕ್ಷಣ. ನಿಮಗೆ ಹಾಗೇನಾದ್ರೂ ಅನಿಸಿತ್ತಾ ಅಮ್ಮ?"

"ಇಲ್ಲ ಮೇಡಂ," ಎಂದಳು ಅಮ್ಮ.

ಮೊದಲು ಕೀಮೋ, ಆಮೇಲೆ ಸರ್ಜರಿ ಎಂದು ತೀರ್ಮಾನವಾಯಿತು. ಮೂರು ವಾರಕ್ಕೊಮ್ಮೆ ಮಾವನ ಆಟೊದಲ್ಲಿ ಭದ್ರಾವತಿಯಿಂದ ಶಿವಮೊಗ್ಗಕ್ಕೆ. ಕೂದಲು ಹೋಯಿತು. ಅನ್ನದ ವಾಸನೆಯೂ ಸೇರದಾಯಿತು. ಬೆರಳ ತುದಿ ಮರಗಟ್ಟಿ, ಅಮ್ಮನಿಗೆ ಸೂಜಿಗೆ ದಾರ ಪೋಣಿಸಲು ಆಗದಾಯಿತು. ನಾನು ವಿನೋಬನಗರದ ಪೀಜಿಯಿಂದ ಶನಿವಾರ ಬಂದು ವಾರಕ್ಕಾಗುವಷ್ಟು ಸೂಜಿಗಳಿಗೆ ದಾರ ಹಾಕಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಿದ್ದೆ. ನನ್ನಿಂದ ಆದದ್ದು ಅಷ್ಟೇ.

ಉಳಿದ ಹೊತ್ತು ಫೋನಿನಲ್ಲಿ ಈ ಕಾಯಿಲೆಯ ಬಗ್ಗೆ ಓದಿದೆ. ಕ್ಯಾನ್ಸರ್ ಶತ್ರು, ದಾಳಿ ಮಾಡುತ್ತದೆ, ಅದರ ಮೇಲೆ ಯುದ್ಧ ಮಾಡಬೇಕು ಎಂದು ಎಲ್ಲರೂ ಬರೆಯುತ್ತಾರೆ. ನನಗೆ ಒಪ್ಪಿಗೆಯಿಲ್ಲ. ದಾಳಿ ಮಾಡುವವರು ಬಾಗಿಲು ಮುರಿಯುತ್ತಾರೆ. ಇದು ಪಕ್ಕದವರಿಗೆ ಅರ್ಥವಾಗುವ ಮಾತಿನಲ್ಲೇ, ಅವರು ನಂಬುವ ಹಾಗೆ ಹೇಳುತ್ತದೆ. ಕೇಳಿದವರು ದಡ್ಡರಲ್ಲ, ತಮ್ಮ ಕೆಲಸವನ್ನು ನಿಯತ್ತಾಗಿ ಮಾಡುವವರು, ಹೇಳಿದ್ದು ನಿಜವೋ ಸುಳ್ಳೋ ಎಂದು ನೋಡಲು ಅವರಿಗೆ ಬೇರೆ ದಾರಿಯಿಲ್ಲ. ಇದನ್ನು ಓದುತ್ತಿದ್ದಾಗ ಟಕ್ಸ್ ಸರಿಸಿ ಹೊಲಿದ ಅಮ್ಮನ ಕೈ ಕಣ್ಣಮುಂದೆ ಬಂತು. ಹೋಲಿಕೆ ಪುರಾವೆಯಲ್ಲ ಎಂದು ನನಗೆ ಗೊತ್ತು. ಕ್ಯಾನ್ಸರ್ ತಂದವಳು ನಾನಲ್ಲ ಎಂದೂ ಗೊತ್ತು. ಆದರೂ ಫೋನ್ ಮಗುಚಿಟ್ಟೆ.

ಮೂರನೆಯ ಕೀಮೋ ದಿನ, ಅಮ್ಮನಿಗೆ ಡ್ರಿಪ್ ಹಾಕಿದ ಮೇಲೆ, ಒಬ್ಬಳೇ ಡಾಕ್ಟರ ಕೋಣೆಗೆ ಹೋದೆ. ದೀಪಾವಳಿಯಿಂದ ಹೇಳಿದೆ. ಬ್ಲೌಸ್, ಚರ್ಮ, ನಾನು ಆಡಿದ ಮಾತು, ಎಲ್ಲವನ್ನೂ. ಅವರು ಫೈಲ್‌ನಲ್ಲಿ ಒಂದು ಸಾಲನ್ನು ಹೊಡೆದು ಹಾಕಿ ಮೇಲೆ ಬೇರೆ ಬರೆದರು.

"ಟ್ರೀಟ್‌ಮೆಂಟ್ ಇದರಿಂದ ಬದಲಾಗಲ್ಲ. ನಾವು ಕೊಡ್ತಿರೋದು ಸ್ಟೇಜ್ ನೋಡಿ."

"ಆಗಲೇ ಬಂದಿದ್ರೆ ನೋಡ್‌ಗೆ ಹೋಗ್ತಿರ್ಲಿಲ್ವಾ ಮೇಡಂ?"

"ಗೊತ್ತಿಲ್ಲಮ್ಮ. ಆಗಲೇ ಹೋಗಿದ್ದಿರಬಹುದು. ಇಲ್ದೇನೂ ಇರಬಹುದು."

ನನ್ನ ಪರವಾದ ಉತ್ತರವಲ್ಲ, ವಿರುದ್ಧವಾದದ್ದೂ ಅಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು.

ಮಾವನಿಗೂ ಹೇಳಿದೆ. "ಆಗಿದ್ದಾಯ್ತು ಬಿಡು. ನಾನೇನ್ ಕಮ್ಮಿ ಮಾತಾಡಿದ್ನಾ?" ಎಂದರು. ಮರುದಿನದ ಪ್ಯಾಸೆಂಜರ್‌ಗೂ ಹಳೆಯ ಕಥೆಯನ್ನೇ ಹೇಳಿದರಂತೆ.

ಈಗ ಗಡ್ಡೆ ಚಿಕ್ಕದಾಗಿದೆ. ಮುಂದಿನ ತಿಂಗಳು ಸರ್ಜರಿ. ಅಮ್ಮ ಅರ್ಧ ಲೋಟ ಗಂಜಿ ಕುಡಿಯುತ್ತಾಳೆ. ಬೆಳಿಗ್ಗೆ ಒಂದು ಗಂಟೆ ಮೆಷಿನ್ ಮುಂದೆ ಕೂರುತ್ತಾಳೆ. ಇಷ್ಟಕ್ಕೆ ನಾನು ಋಣಿ. ಇದಕ್ಕಿಂತ ದೊಡ್ಡ ಮಾತನ್ನು ಈಗ ಆಡಲಾರೆ.

ಡಾಕ್ಟರಿಗೆ ಹೇಳಿಬಿಟ್ಟೆ ಎಂದು ಕಳೆದ ಭಾನುವಾರ ಅಮ್ಮನಿಗೂ ತಿಳಿಸಿದೆ. ಅಮ್ಮ ಹೊಲಿಯುತ್ತಿದ್ದ ಬ್ಲೌಸಿನ ತೋಳನ್ನು ತಿರುಗಿಸಿ ಮತ್ತೆ ಮೆಷಿನ್ನಿನ ಸೂಜಿಯ ಕೆಳಗೆ ಕೊಟ್ಟಳು. ನಾನು ಇನ್ನೊಂದನ್ನೂ ಕೇಳಿದೆ. ಮೆಷಿನ್ ಓಡುತ್ತಲೇ ಇತ್ತು.

"ಅಮ್ಮ, ಅವತ್ತು ಡಾಕ್ಟ್ರು ಕೇಳ್ದಾಗ ಒಂದೇ ತಿಂಗಳು ಅಂದ್ಯಲ್ಲ. ನನ್ ಮರ್ಯಾದೆ ಉಳಿಸೋಕೆ ಹಾಗಂದ್ಯಾ? ಇಲ್ಲ, ಅಲ್ಲೂ ನಾನು ವಾದಕ್ಕೆ ನಿಲ್ತೀನಿ ಅಂತ ಹೆದರಿದ್ಯಾ?"