ಬಾಗಿಲು ನಿಲ್ಲಿಸಬಾರದ ತಿಂಗಳುಗಳು

ನನ್ನ ಹೆಂಡತಿ ಮಣೆಯ ಮೇಲೆ ಒಂದೇ ಪಕ್ಕಕ್ಕೆ ವಾಲಿಕೊಂಡು ಕೂರಲು ಶುರು ಮಾಡಿದಾಗ, ಬಸುರಿಗೆ ಸೊಂಟ ಹಿಡಿದಿರಬೇಕು ಅಂದುಕೊಂಡು ಸುಮ್ಮನಿದ್ದೆ. ಅವಳಿಗೆ ಆಗ ಏಳು ತುಂಬಿತ್ತು, ಚೊಚ್ಚಲು. ಹೆತ್ತ ತಾಯಿ ಇಲ್ಲದ ಹುಡುಗಿಯಾದ್ದರಿಂದ ತವರಿಗೆ ಕಳಿಸುವ ಮಾತಿರಲಿಲ್ಲ; ಹೆರಿಗೆ ನಮ್ಮಲ್ಲೇ ಅಂತ ನನ್ನ ಅವ್ವ ಹೇಳಿಬಿಟ್ಟಿದ್ದಳು. ಅರವತ್ತರ ದಶಕದ ಶುರು. ಸಾರಕ್ಕಿ ಇನ್ನೂ ಕೆರೆ, ರಾಗಿ ಹೊಲ, ನಾಲ್ಕಾರು ಬೀದಿಗಳ ಹಳ್ಳಿ. ನಾನು ಬೆಳಿಗ್ಗೆ ಮುದ್ದೆ ಉಂಡು ಜಯನಗರಕ್ಕೆ ನಡೆದು ಹೋಗಿ ಮನೆ ಕಟ್ಟುತ್ತಿದ್ದೆ. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟು ಕರಣೆ ಹಿಡಿದವನು, ಮೀಸೆ ಗಟ್ಟಿಯಾಗುವ ಹೊತ್ತಿಗೆ ಮೇಸ್ತ್ರಿಯಾಗಿದ್ದೆ. ನಾನು ಎತ್ತಿದ ಗೋಡೆಗೆ ಇನ್ನೊಬ್ಬ ಬಂದು ತೂಕದ ಗುಂಡು ಬಿಟ್ಟು ನೋಡುವ ಹಾಗಿರಲಿಲ್ಲ. ಯಾರ ಹತ್ತಿರವೂ ಏನನ್ನೂ ಕೇಳಿದವನೂ ಅಲ್ಲ.

ಒಂದು ಸಂಜೆ ಕೈಕಾಲು ತೊಳೆಯಲು ನೀರು ಕೊಟ್ಟವಳು ಒಳಗೆ ಹೋಗದೆ ಗೋಡೆಯ ಕಡೆ ಮುಖ ಮಾಡಿ ನಿಂತಳು. ಕೆಳಗೆ ಅಲ್ಲಿ, ಒಂದು ಪಕ್ಕದಲ್ಲಿ ಗಂಟಾಗಿದೆ ಅಂದಳು. ಮೊದಲು ಅಡಿಕೆಯಷ್ಟಿತ್ತಂತೆ, ಈಗ ನಿಂಬೆಕಾಯಿಯಷ್ಟಾಗಿದೆಯಂತೆ. ನಡೆದರೆ ಒತ್ತುತ್ತದೆ, ಕೂತರೆ ಇನ್ನೂ ಹೆಚ್ಚು. ಇಷ್ಟು ದಿನ ನಾಚಿಕೆಯಿಂದ ಬಾಯಿ ಬಿಟ್ಟಿರಲಿಲ್ಲ. ಅವಳು ಅತ್ತದ್ದು ನೋವಿಗಲ್ಲ.

"ದಾರಿ ಬಾಯಲ್ಲೇ ಗಂಟು ಕೂತ್ರೆ ಕೂಸು ಹೆಂಗೆ ಹೊರಗೆ ಬರ್ತದೆ?" ಅಂದಳು.

ಅವತ್ತಿನಿಂದ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇಟ್ಟಿಗೆ ಇಡುವಾಗಲೂ ಅದೇ, ಬೀಡಿ ಹಚ್ಚುವಾಗಲೂ ಅದೇ.

ಅವ್ವನಿಗೆ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದಳು. ಆದರೆ ಸೊಸೆ ಕೂರುವ ರೀತಿ ನೋಡಿ ಅವ್ವ ತಾನೇ ಕೇಳಿ ತಿಳಿದುಕೊಂಡಳು. ತಿಳಿದ ಮೇಲೆ ನನ್ನ ಕಡೆ ತಿರುಗಿದಳು. ಹೆಂಡತಿ ಬಸುರಿಯಾಗಿರುವಾಗ ಗಂಡ ಕಾಯಿ ಒಡೆಯಬಾರದು, ಮನೆಗೆ ಬಾಗಿಲು ನಿಲ್ಲಿಸಬಾರದು ಅನ್ನುವುದು ನಮ್ಮವರ ಕಟ್ಟಳೆ. ನನ್ನ ಕಸುಬೇ ಬಾಗಿಲು ನಿಲ್ಲಿಸುವುದು. ಹೊಸಿಲಿಗೆ ಅರಿಶಿನ ಕುಂಕುಮ ಹಚ್ಚಿ, ಚೌಕಟ್ಟನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ ಮೇಲೇ ಗೋಡೆ ಏಳುವುದು. ಬಸುರಿ ಅಂತ ತಿಳಿದ ಮೇಲೆ ನಾನು ಎರಡು ಮೂರು ಮನೆಗಳಿಗೆ ನಿಲ್ಲಿಸಿದ್ದೆ.

"ಊರಿಗೆಲ್ಲಾ ಬಾಗ್ಲು ನಿಲ್ಸಿ ನಿನ್ ಮನೆ ಬಾಗ್ಲು ಮುಚ್ಕೊಂಡೆ," ಅಂದಳು ಅವ್ವ.

ನನಗೆ ಇಂಥದ್ದರಲ್ಲಿ ನಂಬಿಕೆ ಕಡಿಮೆ. ಆದರೂ ಅಂದು ಮಲಗುವ ಮೊದಲು, ನಿಲ್ಲಿಸಿದ ಬಾಗಿಲುಗಳನ್ನು ಬೆರಳು ಮಡಿಸಿ ಎಣಿಸಿದೆ.

ಅವ್ವ ಸುಣ್ಣ ಬೆಲ್ಲ ಕಲಸಿ ಹಚ್ಚುತ್ತೇನೆ, ಹಣ್ಣಾದರೆ ಜಾಲಿಮುಳ್ಳಲ್ಲಿ ಚುಚ್ಚಿದರಾಯಿತು ಅಂದಳು. ಬೇರೆ ಗಡ್ಡೆಗಾದರೆ ನಾನೂ ಹೂಂ ಅನ್ನುತ್ತಿದ್ದೆನೋ ಏನೋ. ಆದರೆ ಸುಣ್ಣ ನನ್ನ ಅಂಗೈಯನ್ನು ಏನು ಮಾಡಿದೆ ಅನ್ನುವುದು ನನಗೆ ಗೊತ್ತು. ಬೆರಳು ಬಿಡಿಸಿ ತೋರಿಸಿದೆ. ಅವ್ವ ಸುಣ್ಣದ ಡಬ್ಬಿ ಮುಚ್ಚಿಟ್ಟಳು, ಆದರೂ ಒಪ್ಪಲಿಲ್ಲ.

ಜಯನಗರದಲ್ಲಿ ಒಬ್ಬ ಲೇಡಿ ಡಾಕ್ಟರ ಮನೆಗೆ ನಾನೇ ಕಾಂಪೌಂಡು ಹಾಕಿದ್ದೆ. ಮನೆಯ ಮುಂದಿನ ಕೋಣೆಯಲ್ಲಿ ಹೆಂಗಸರನ್ನು ನೋಡುತ್ತಿದ್ದರು. ಗೇಟಿನ ಮುಂದೆ ಎರಡು ಸಲ ಹಾದುಹೋಗಿ, ಮೂರನೆಯ ಸಲ ಒಳಗೆ ಹೋದೆ. ಹೆಂಡತಿಗೆ ಕೂರಲು ಆಗುತ್ತಿಲ್ಲ ಅಂದೆ. ಅವರಿಗೆ ಅರ್ಥವಾಗಿರಬೇಕು. "ನಿಮ್ಮನ್ ನೋಡಿ ನಾನೇನ್ ಹೇಳ್ಲಿ ಮೇಸ್ತ್ರಿ, ಅವರನ್ ಕರ್ಕೊಂಡ್ಬನ್ನಿ," ಅಂದರು.

ಮಾರನೆಯ ದಿನ ಪರೀಕ್ಷೆ ಮಾಡಿದ ಮೇಲೆ ನನ್ನನ್ನೂ ಒಳಗೆ ಕರೆದು ಕೂರಿಸಿ ಹೇಳಿದರು. ಹೆಂಗಸರಿಗೆ ಆ ಜಾಗದ ಎರಡೂ ಪಕ್ಕದಲ್ಲಿ ಅವರೆಕಾಳಿನಷ್ಟು ಗ್ರಂಥಿ ಇರುತ್ತದೆ, ತೇವ ಆರದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಅದರ ಸಣ್ಣ ಬಾಯಿ ಕಟ್ಟಿಕೊಂಡರೆ ಒಳಗಿನ ನೀರು ನಿಂತು ಊದಿಕೊಳ್ಳುತ್ತದೆ. ಬಾರ್ಥೋಲಿನ್ ಅಂತ ಏನೋ ಹೆಸರು ಹೇಳಿದರು. ಎಷ್ಟೋ ಹೆಂಗಸರಿಗೆ ಬರುತ್ತದಂತೆ, ಯಾರ ತಪ್ಪೂ ಅಲ್ಲವಂತೆ. ಕೀವಿಲ್ಲ, ಜ್ವರವಿಲ್ಲ, ಹಾಗಾಗಿ ಈಗ ಕೊಯ್ಯುವುದು ಬೇಡ. ಬಸುರಿನಲ್ಲಿ ಅಲ್ಲಿ ರಕ್ತ ಹೆಚ್ಚು ಓಡಾಡುವುದರಿಂದ ಸುಮ್ಮನೆ ಕೈಹಾಕಬಾರದು. ದಿನಕ್ಕೆ ಮೂರು ನಾಲ್ಕು ಸಲ ಉಗುರುಬೆಚ್ಚಗಿನ ನೀರಿನಲ್ಲಿ ಕೂರಲಿ, ಹಿಸುಕಬಾರದು, ಚುಚ್ಚಬಾರದು. ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಅವತ್ತೇ ಬರಬೇಕು.

ನಾನು ತಡೆಯಲಾರದೆ ಕೂಸಿನ ದಾರಿಯ ಮಾತು ಕೇಳಿದೆ.

"ಇದು ದಾರಿ ಪಕ್ಕದಲ್ಲಿದೆ ಮೇಸ್ತ್ರಿ, ದಾರೀಲಿಲ್ಲ," ಅಂದರು.

ಅಗಲವಾದ ತಗಡಿನ ತೊಟ್ಟಿ ತಂದೆ. ನೀರು ಕಾಯಿಸಿ, ನನ್ನ ಮೊಣಕೈ ಅದ್ದಿ ನೋಡಿ ಇಡುತ್ತಿದ್ದೆ. ಅವಳು ಬಚ್ಚಲಲ್ಲಿ ಕೂತಿರುವಷ್ಟು ಹೊತ್ತೂ ಬಾಗಿಲ ಈಚೆ ನಿಂತಿರುತ್ತಿದ್ದೆ. ಹೇಗಿದೆ ಅಂದರೆ ಹಂಗೇ ಇದೆ ಅನ್ನುತ್ತಿದ್ದಳು. ನೋವು ಇಳಿದಿತ್ತು, ಗಂಟು ಇಳಿದಿರಲಿಲ್ಲ.

ಈ ನಡುವೆ ನಾನು ಒಪ್ಪಿಕೊಂಡಿದ್ದ ಮನೆಯೊಂದರ ತಳಪಾಯ ಮುಗಿದು ಚೌಕಟ್ಟು ಬಂದು ಮರದ ಕೆಳಗೆ ಒರಗಿತ್ತು. ಅವ್ವ ಬೇಡವೇ ಬೇಡ ಅಂದಿದ್ದಳು. ಮನೆ ಯಜಮಾನರು ಆಫೀಸಿನವರು, ದಿನವೂ ಬಂದು ನೋಡಿ ಹೋಗುವರು. ನಾನು ಮರ ಇನ್ನೂ ಹಸಿ ಅಂದೆ, ಬಿಸಿಲಿಲ್ಲ ಅಂದೆ. ಕೊನೆಗೆ ಅವರು ಕೂಲಿಯವರ ಮುಂದೆಯೇ, "ಏನ್ ಮೇಸ್ತ್ರಿ, ಬಾಗಿಲೇ ಇಲ್ಲದ ಮನೆ ಕಟ್ಟೋ ಯೋಚನೇನಾ?" ಅಂದರು. ಆಳುಗಳು ನಕ್ಕರು. ನನಗೆ ಎಲ್ಲಿ ಚುಚ್ಚಿತು ಅನ್ನುವುದು ಅವರಿಗೇನು ಗೊತ್ತು. ಬೇರೆ ಮೇಸ್ತ್ರಿಯನ್ನು ಕರೆಯಬಹುದಿತ್ತು. ನನ್ನ ಕೆಲಸದಲ್ಲಿ ಇನ್ನೊಬ್ಬನ ಕೈ ಬೀಳುವುದನ್ನು ನಾನು ಯಾವತ್ತೂ ಒಪ್ಪಿದವನಲ್ಲ. ಯಾರ ತಪ್ಪೂ ಅಲ್ಲ ಅಂದಿದ್ದ ಡಾಕ್ಟರ ಮಾತನ್ನು ನೆನೆಸಿಕೊಂಡು, ಮಾರನೆಯ ಬೆಳಿಗ್ಗೆಯೇ ಚೌಕಟ್ಟು ನಿಲ್ಲಿಸಿದೆ.

ಸಂಜೆ ಮನೆಗೆ ಬಂದರೆ ಅವಳಿಗೆ ಜ್ವರ. ಮೈ ಕೆಂಡ. ಗಂಟು ಕೆಂಪೇರಿ ಮುಟ್ಟಲಾಗದ ಹಾಗೆ ಸಿಡಿಯುತ್ತಿತ್ತು. ನನ್ನ ಮೊಣಕೈಗೆ ಅರಿಶಿನ ಅಂಟಿದ್ದನ್ನು ಅವ್ವ ನೋಡಿದಳು. ಸೆರಗಿನ ತುದಿ ಒದ್ದೆ ಮಾಡಿ ತಾನೇ ಅದನ್ನು ಒರೆಸಿದಳು. ಬೈದಿದ್ದರೆ ವಾಸಿಯಿತ್ತು.

ಜಟಕಾ ಹಿಡಿದು ತಂದು ಅವಳನ್ನು ಹುಲ್ಲಿನ ಮೇಲೆ ಒಂದು ಪಕ್ಕಕ್ಕೆ ಮಲಗಿಸಿದೆವು. ದಾರಿಯುದ್ದಕ್ಕೂ ಚಕ್ರ ಹಳ್ಳಕ್ಕೆ ಇಳಿದಾಗೆಲ್ಲ ಅವಳು ನನ್ನ ಮಣಿಕಟ್ಟು ಹಿಂಡುತ್ತಿದ್ದಳು. ನಾನು ಮನಸ್ಸಿನಲ್ಲೇ ಆ ಚೌಕಟ್ಟನ್ನು ಕಿತ್ತು ಕಿತ್ತು ಮಲಗಿಸುತ್ತಿದ್ದೆ.

ಡಾಕ್ಟರು ನೋಡಿದ ಕೂಡಲೇ ಕೀವು ಕಟ್ಟಿದೆ, ಇನ್ನು ಕಾಯಬಾರದು ಅಂದರು. ತಾವು ಹೋಗುತ್ತಿದ್ದ ಹೆರಿಗೆ ಆಸ್ಪತ್ರೆಗೆ ಸೇರಿಸಿಕೊಂಡು, ಮರಗಟ್ಟುವ ಮದ್ದು ಚುಚ್ಚಿ, ಸಣ್ಣಗೆ ಕೊಯ್ದು ಕೀವು ತೆಗೆದು, ಬಾಯಿ ಮತ್ತೆ ಮುಚ್ಚದ ಹಾಗೆ ಬಟ್ಟೆಯ ಬತ್ತಿ ಇಟ್ಟರಂತೆ. ಪೆನಿಸಿಲಿನ್ ಕೊಟ್ಟರು. ಕೂಸಿನ ಎದೆಬಡಿತ ಸರಿಯಾಗಿದೆ ಅಂದರು. ನಾನು ಅವರ ಎದುರು ನಿಂತು, ಇವತ್ತು ಬಾಗಿಲು ನಿಲ್ಲಿಸಿದೆ ಡಾಕ್ಟ್ರಮ್ಮ ಅಂದುಬಿಟ್ಟೆ. ಅವರು ನಗಲಿಲ್ಲ. ಕೀವು ಕಟ್ಟಲು ಶುರುವಾಗಿ ಒಂದೆರಡು ದಿನ ಆಗಿದೆ, ನೀವು ನಿಲ್ಲಿಸಿದ್ದು ಇವತ್ತು ಅಂದರು.

ಆ ಮಾತನ್ನು ಅವ್ವನಿಗೆ ಹೇಳಿದೆ. ಅವಳು ತಲೆಯಾಡಿಸಿದಳು. ಒಪ್ಪಿಯೋ, ನನ್ನ ಸಮಾಧಾನಕ್ಕೋ ತಿಳಿಯಲಿಲ್ಲ.

ಜ್ವರ ಬಿಟ್ಟಿತು, ಗಾಯ ಮಾಯಿತು, ಬಿಸಿನೀರಿನ ತೊಟ್ಟಿ ಮಾತ್ರ ಒಂಬತ್ತು ತುಂಬುವವರೆಗೂ ಬಚ್ಚಲಲ್ಲೇ ಇತ್ತು. ಮತ್ತೆ ಊದಿಕೊಳ್ಳುವುದೂ ಉಂಟು ಅಂತ ಡಾಕ್ಟರು ಹೇಳಿದ್ದರು. ಹಾಗಾಗಿ ಅವಳು ಮಣೆ ಎಳೆದುಕೊಂಡಾಗಲೆಲ್ಲ ಯಾವ ಪಕ್ಕಕ್ಕೆ ಕೂರುತ್ತಾಳೆ ಅಂತ ನಾನೂ ನೋಡುತ್ತಿದ್ದೆ, ಅವ್ವನೂ ನೋಡುತ್ತಿದ್ದಳು.

ಹೆರಿಗೆ ನೋವು ಬಂದದ್ದು ಬೆಳಗಿನ ಹೊತ್ತು. ಆಸ್ಪತ್ರೆಯ ಜಗಲಿಯ ಮೇಲೆ ನಾನು, ಅವ್ವ. ಮಧ್ಯಾಹ್ನ ದಾಟಿದ ಮೇಲೆ ಡಾಕ್ಟರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಆಯ್ತು ಮೇಸ್ತ್ರಿ, ಇಬ್ಬರೂ ಚೆನ್ನಾಗಿದ್ದಾರೆ ಅಂದರು.

"ಆ ಗಂಟು ಅಡ್ಡ ಬರ್ಲಿಲ್ವಾ?" ಅಂದೆ.

ಅವರು ಕೈ ಒರೆಸಿದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡರು. "ಅದರ ನೆನಪೇ ಆಗ್ಲಿಲ್ಲ ನಂಗೆ."

ನಾನು ಅಲ್ಲೇ ಕಂಬಕ್ಕೆ ಒರಗಿ ಕೂತುಬಿಟ್ಟೆ. ಗಂಡೋ ಹೆಣ್ಣೋ ಅಂತ ಕೇಳಿದ್ದು ಅವ್ವ.