ಏನೋ, ಸುಮಾರಾಗಿ

ಇವತ್ತು ಬೆಳಿಗ್ಗೆ ನಮ್ಮ ವಿಭಾಗಕ್ಕೊಂದು ಹೊಸ ಕುರ್ಚಿ ಬಂತು. ಮೇಲಿನ ಪ್ಲಾಸ್ಟಿಕ್ ಹರಿದ ಕೂಡಲೇ ಎದ್ದ ರೆಕ್ಸಿನ್ ವಾಸನೆಗೆ ನನಗೆ ಸರೋಜಕ್ಕನ ಹಳೆಯ ಇಂಟರ್‌ವ್ಯೂ ನೆನಪಾಯಿತು. ನಗಬೇಡಿ. ಕುರ್ಚಿಯ ಬೆಲೆ ಗೊತ್ತಾಗಬೇಕಾದರೆ ಹಾಸನದ ಈ ದೊಡ್ಡ ಗಾರ್ಮೆಂಟ್ಸ್ ಕಂಪನಿಯಲ್ಲಿ ಒಂದು ದಿನ ನಿಂತು ಬಟ್ಟೆ ಚೆಕ್ ಮಾಡಿ ನೋಡಬೇಕು.

ಸರೋಜಕ್ಕ ಕೊಣನೂರಿನವರು. ಕಂಪನಿಯ ಬಸ್ಸು ಅಲ್ಲಿಂದಲೇ ಹೊರಡುವುದರಿಂದ ಕಿಟಕಿ ಪಕ್ಕದ ಸೀಟು ಅವರದ್ದು. ಅರಕಲಗೂಡಿನಲ್ಲಿ ಹತ್ತುವ ನನಗಾಗಿ ಪಕ್ಕದ ಸೀಟಿನ ಮೇಲೆ ಊಟದ ಬ್ಯಾಗಿಟ್ಟು, ಕೇಳಿದವರನ್ನೆಲ್ಲ "ಬತ್ತಳೆ, ಬತ್ತಳೆ" ಎಂದು ಗದರಿ ಜಾಗ ಕಾಯುತ್ತಿದ್ದರು. ನಿಂತೂ ನಿಂತೂ ಅವರ ಮಂಡಿ ಸವೆದಿತ್ತು. ಬಸ್ಸಿನ ಮೆಟ್ಟಿಲಿಳಿಯಲು ನನ್ನ ಭುಜ ಬೇಕಿತ್ತು. ಹಾಗಿರುವಾಗ ಫೈನಲ್ ಚೆಕಿಂಗಿಗೆ ಒಬ್ಬರು ಬೇಕು, ಕೂತು ಮಾಡುವ ಕೆಲಸ ಎಂದು ಸುದ್ದಿ ಬಂತು. ಇಂಟರ್‌ವ್ಯೂಗೆ ಕರೆದದ್ದು ನಮ್ಮಿಬ್ಬರನ್ನೇ.

"ಬೆಂಗಳೂರಿನಿಂದ ಮೇಡಂ ವಿಡಿಯೋದಲ್ಲಿ ಬರ್ತಾರೆ. ನಿಮ್ಮ ಬಗ್ಗೆ ನೀವೇ ಚೆನ್ನಾಗಿ ಹೇಳ್ಕೋಬೇಕು," ಎಂದರು ಎಚ್‌ಆರ್‌ನವರು. ಅಲ್ಲೇ ಕೆಟ್ಟಿತು ನೋಡಿ. ನಮ್ಮ ಕಡೆ ಆಲೂಗಡ್ಡೆ ಮೂಟೆ ಮೂಟೆ ಬೆಳೆದರೂ ಕೇಳಿದವರಿಗೆ "ಏನೋ, ಸುಮಾರಾಗೈತೆ" ಅನ್ನುವುದು. ಮಗಳು ಶಾಲೆಗೇ ಮೊದಲು ಬಂದರೆ "ಏನೋ, ಪಾಸಾಯ್ತು". ಚೆನ್ನಾಗಿದೆ ಅಂದುಬಿಟ್ಟರೆ ದೃಷ್ಟಿ ತಗುಲುವುದಿಲ್ಲವೇ? ಬಸ್ಸಿನಲ್ಲಿ ಅಭ್ಯಾಸ ಮಾಡಿಸಲು ಹೋದೆ.

"ನಾನು ಚೆನ್ನಾಗಿ ಕೆಲ್ಸ ಮಾಡ್ತೀನಿ ಅನ್ನಕ್ಕ."

"ಥೂ, ಓಗೆ! ನನ್ ಬಾಯಲ್ಲಿ ನಾನೇ ಎಂಗ್ ಯೋಳ್ಕಳ್ಳಿ? ನಾಚ್ಕೆ ಆಯ್ತದೆ ಕಣೆ."

ನಾನೇನು ಭಾರಿ ಗುರುವೇ? ಅಭ್ಯಾಸದಲ್ಲಿ ನನ್ನ ಸರದಿ ಬಂದಾಗ ನನಗೂ ಬರೀ ಕೆಮ್ಮು ಬಂತು.

ಇಂಟರ್‌ವ್ಯೂ ದಿನ ಸರೋಜಕ್ಕ ಮೊದಲು ಒಳಗೆ ಹೋದರು. ಬಾಗಿಲು ತೆರೆದೇ ಇತ್ತು. "ನಿಮ್ಮ ಬಗ್ಗೆ ಹೇಳಿ" ಅಂದರು ಮೇಡಂ.

"ನಂದೇನೈತೆ ಮೇಡಂ, ಏನೋ ಸುಮಾರಾಗ್ ಮಾಡ್ತೀನಿ. ಆಚೆ ಕುಂತವ್ಳಲ್ಲ, ಅರಕಲಗೂಡ್ನೋಳು, ಅವಳ ಕಣ್ಣೇ ಕಣ್ಣು! ಒಂದ್ ದಾರ ಬಿಟ್ಟೋಗಿದ್ರೂ ಮಾರ್ದೂರದಿಂದ ಕಂಡ್ಬುಡ್ತಾಳೆ. ಅಂಗಂತ ಬಟ್ಟೆ ಒಲ್ದೋರ್ನ ಬಯ್ಯಾಕಿಲ್ಲ, ಪಕ್ಕ ಕುಂತು ತೋರುಸ್ತಾಳೆ..."

ತಮ್ಮ ಬಗ್ಗೆ ಬಾರದ ಮಾತು ನನ್ನ ಬಗ್ಗೆ ಹೊಳೆಯಂತೆ ಹರಿಯಿತು. ಆಮೇಲೆ ನಾನು ಹೋಗಿ ಅವರನ್ನು ಹೊಗಳಲು ಬಾಯಿ ತೆರೆಯುವಷ್ಟರಲ್ಲಿ ಮೇಡಂ ನಕ್ಕು, "ಎಲ್ಲಾ ಕೇಳಿದೆ ಬಿಡಿ" ಎಂದು ಕಾಲ್ ಮುಗಿಸಿದರು. ಕುರ್ಚಿ ನನ್ನದಾಯಿತು.

ಅವತ್ತು ಬಸ್ಸಿನಲ್ಲಿ ಅತ್ತವಳು ನಾನು. "ನಿಂಗೆ ಆ ಕೆಲ್ಸ ಬೇಡವಾಗಿತ್ತಾ ಅಕ್ಕ?"

"ಬೇಕಾಗಿತ್ತು ಕಣೆ, ಯಾಕ್ ಬ್ಯಾಡ? ಆದ್ರೆ ನಾನ್ ಯೋಳಿದ್ದೇನ್ ಸುಳ್ಳಲ್ವಲ್ಲ," ಎಂದು ಮಂಡಿ ನೀವಿಕೊಳ್ಳುತ್ತಾ ಕಿಟಕಿಯಾಚೆ ನೋಡಿದರು. ಆಮೇಲೂ ವರ್ಷಗಟ್ಟಲೆ ಅವರು ನಿಂತೇ ಇದ್ದರು, ನಾನು ಕೂತೇ ಇದ್ದೆ.

ಹೊಸ ಕುರ್ಚಿಗೂ ಒಬ್ಬರು ಬೇಕಂತೆ. ಇವತ್ತು ಮಧ್ಯಾಹ್ನ ಮತ್ತೆ ವಿಡಿಯೋ, ಮತ್ತೆ ಸರೋಜಕ್ಕ. ಈ ಸಲ ಮೇಡಂ ಅಲ್ಲ, ಒಬ್ಬ ಸರ್. ವಿಭಾಗದ ಹಳಬಳೆಂದು ನನ್ನನ್ನೂ ಒಳಗೆ ಕೂರಿಸಿದ್ದರು. ಪ್ರಶ್ನೆ ಮಾತ್ರ ಅದೇ. ಸರೋಜಕ್ಕ ಸೆರಗು ಸರಿಮಾಡಿಕೊಂಡು, ಇಂಟರ್‌ವ್ಯೂಗೆ ಹೆಸರೇ ಕೊಡದ, ಪಕ್ಕದ ಟೇಬಲಿನ ಹೊಳೆನರಸೀಪುರದ ಹುಡುಗಿಯನ್ನು ಹೊಗಳಲು ಶುರುಮಾಡಿದರು!

ನನಗೆಲ್ಲಿತ್ತೋ ಸಿಟ್ಟು. "ಬಾಯ್ ಮುಚ್ಕೊಂಡು ಕೂತ್ಕೋ ಅಕ್ಕ," ಅಂದುಬಿಟ್ಟೆ. ಪರದೆಯ ಕಡೆ ತಿರುಗಿ, "ಸರ್, ಅವರು ಹೇಳಲ್ಲ. ನಾನು ಹೇಳ್ತೀನಿ, ಕೇಳಿ," ಎಂದು ಮಾತಿಗಿಳಿದೆ. ಬಸ್ಸು, ಬಟ್ಟೆ, ಮಂಡಿ, ಒಂದನ್ನೂ ಬಿಡಲಿಲ್ಲ. ಕೊನೆಗೆ ಸರ್ ಕೈಯೆತ್ತಿ, "ಆಯ್ತಮ್ಮ, ನಾಳೆಯಿಂದ ಅವರು ಅಲ್ಲೇ ಕೂರಲಿ," ಅಂದರು.

ಸರೋಜಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ನನ್ನ ತೋಳು ಜಗ್ಗಿದರು. "ಸಾಕ್ ಬುಡೆ, ದೃಷ್ಟಿ ಆಯ್ತದೆ."

ನಾನು ನಿಲ್ಲಿಸಲಿಲ್ಲ. ಹೇಳುವುದು ಇನ್ನೂ ಇತ್ತು.