ಟ್ಯಾಂಕಿನ ಮೇಲಿನ ಕಲೆ

ಇಂದು ಬೆಳಿಗ್ಗೆ ಬಿಬವೇವಾಡಿಯ ನಮ್ಮ ಪಾರ್ಕಿಂಗಿನಲ್ಲಿ ಬ್ರೇಕ್ ಆಯಿಲ್ ಡಬ್ಬಿ ತೆರೆದೆ. ಆ ವಾಸನೆಗೆ ನಾನು ಬೆಳೆದ ಖಡಕಿಯ ಕ್ವಾರ್ಟರ್ಸ್ ಅಂಗಳವೇ ಕಣ್ಮುಂದೆ ಬಂತು.

ನಮ್ಮ ಮನೆಯಲ್ಲಿ ಬೈಕ್ ಓಡಿಸುತ್ತಿದ್ದವಳು ಅವ್ವ. ಒಮ್ಮೆ ಮುಂದಿನ ಬ್ರೇಕಿನ ಲಿವರ್ ಮೆತ್ತಗಾಯಿತು. ಗಂಡನನ್ನು ಕಳಿಸಿ, ಅವರಿಗೇ ಹೇಳುತ್ತೇನೆ ಎಂದ ಮೆಕ್ಯಾನಿಕ್. ಅವ್ವ ಬೈಕ್ ತಿರುಗಿಸಿಕೊಂಡು ಬಂದು, ದುಪಟ್ಟಾ ಸೊಂಟಕ್ಕೆ ಬಿಗಿದು ತಾನೇ ಕೂತಳು. ನಾನು ಲಿವರ್ ಒತ್ತಿ ಹಿಡಿದರೆ ಅವಳು ಕೆಳಗೆ ಚಕ್ರದ ಬಳಿಯ ನಟ್ ಸಡಿಲಿಸುತ್ತಿದ್ದಳು. ಗುಳ್ಳೆ ತುಂಬಿದ ಎಣ್ಣೆ ಉಪ್ಪಿನಕಾಯಿ ಬಾಟಲಿಗೆ ಇಳಿಯುತ್ತಿತ್ತು.

“ನಟ್ ಬಿಗಿ ಮಾಡೂತನಕ ಕೈ ಬಿಡಬ್ಯಾಡ. ಮತ್ತ ಗಾಳಿ ಒಳಗ ಹೊಕ್ತದ.”

ಕೊನೆಗೆ ಲಿವರ್ ಗಟ್ಟಿಯಾಯಿತು. ಎಣ್ಣೆ ತಾನೇ, ಹೊಳಪು ಬರುತ್ತದೆ ಎಂದು ಅವ್ವ ಚೆಲ್ಲಿದ್ದನ್ನೆಲ್ಲ ಪೆಟ್ರೋಲ್ ಟ್ಯಾಂಕಿಗೆ ತಿಕ್ಕಿದಳು. ಸಂಜೆಯ ಹೊತ್ತಿಗೆ ಕೆಂಪು ಬಣ್ಣವೇ ಕಿತ್ತು ಬಂದಿತ್ತು.

“ಹೆಣ್ಣಮಕ್ಕಳ ಕೆಲಸ ಅಲ್ರಿ ಇದು. ಮೊದಲ ಬಣ್ಣ ಹೊಡಸ್ರಿ,” ಎಂದರು ಪಕ್ಕದ ಮನೆಯ ಕಾಕಾ.

“ಇರ್ಲಿ ಬಿಡ್ರಿ. ಬ್ರೇಕ್ ಯಾರು ಮಾಡ್ಯಾರಂತ ಕೇಳಿದವ್ರಿಗೆ ತೋರಸಾಕ ಬೇಕಾಗ್ತದ.”

ಆ ಬೈಕಿಗೆ ಅವ್ವ ಕೊನೆಯವರೆಗೂ ಬಣ್ಣ ಹೊಡೆಸಲಿಲ್ಲ.

ಇಂದು ನನ್ನ ಬೈಕಿನ ಬ್ರೇಕೂ ಗಟ್ಟಿಯಾಯಿತು. ಮೇಲಿನ ಮನೆಯವರು ಬಗ್ಗಿ ನೋಡಿ, ಮೆಕ್ಯಾನಿಕ್ ಸಿಗಲಿಲ್ಲವೇ ಮ್ಯಾಡಮ್ ಎಂದು ಮರಾಠಿಯಲ್ಲಿ ಕೇಳಿದರು. ಟ್ಯಾಂಕಿನ ಮೇಲೆ ಒಂದು ಹನಿ ಬಿದ್ದಿತ್ತು. ತಕ್ಷಣ ನೀರು ಹಾಕಿ ತೊಳೆಯಬೇಕೆಂದು ನನಗೀಗ ಗೊತ್ತು.

ತೊಳೆಯಲಿಲ್ಲ.